ಓದುಗರು ಓದುಗರಿಗೆ ಹೇಳಿದ ಮಾತು: ಓದಿನ ಇತಿಹಾಸದ ಒಂದು ಅಲಕ್ಷಿತ ಆಕರ

ಕನ್ನಡ ಸಾಹಿತ್ಯ ಚರಿತ್ರೆಯನ್ನು ಬರೆದವರು ಕವಿಯ ಕಾಲ, ಮತ, ಆಶ್ರಯದಾತ, ಕೃತಿಗಳ ಪೌರ್ವಾಪರ್ಯ ಮೊದಲಾದ ವಿಚಾರಗಳಲ್ಲಿ ಅಪಾರ ಶ್ರಮವನ್ನು ವಹಿಸಿದ್ದಾರೆ. ಆ ಕೃತಿಗಳನ್ನು ಓದಿದವರು ಯಾರು, ಓದಿದ ಮೇಲೆ ಅವರು ತಮ್ಮ ಪಕ್ಕದವರಿಗೆ ಏನು ಹೇಳಿದರು ಎಂಬ ಪ್ರಶ್ನೆ ಮಾತ್ರ ಈ ಚರಿತ್ರೆಗಳ ಅಂಚಿನಲ್ಲಿಯೇ ಉಳಿದಿದೆ. ನಮ್ಮ ಕಾವ್ಯಮೀಮಾಂಸೆ ಓದುಗನಿಗೆ ದೊಡ್ಡ ಸ್ಥಾನವನ್ನು ಕೊಟ್ಟಿದೆ, ನಿಜ. ಆನಂದವರ್ಧನ, ಅಭಿನವಗುಪ್ತರ ಪರಂಪರೆಯಲ್ಲಿ ಸಹೃದಯನಿಲ್ಲದೆ ಕಾವ್ಯವೇ ಪೂರ್ಣಗೊಳ್ಳುವುದಿಲ್ಲ. ಆದರೆ ಈ ಸಹೃದಯನಿಗೆ ಹೆಸರಿಲ್ಲ, ಊರಿಲ್ಲ, ಕಸುಬಿಲ್ಲ, ಅವನೊಂದು ಪರಿಕಲ್ಪನೆ. ಪುಸ್ತಕವನ್ನು ಮುಗಿಸಿ ಕೆಳಗಿಟ್ಟು ‘ಇದನ್ನು ನೀವೂ ಓದಿ’ ಎಂದೋ, ‘ಇದರಲ್ಲೇನೂ ಇಲ್ಲ ಬಿಡಿ’ ಎಂದೋ ಹೇಳುವ ಓದುಗ ಬೇರೆ. ಅವನು ವ್ಯಕ್ತಿ. ಪ್ರಸ್ತುತ ಲೇಖನ ಈ ಎರಡನೆಯ ಓದುಗನನ್ನು ಕುರಿತದ್ದು. ವಿಮರ್ಶಕರ ಬರಹ ಇಲ್ಲಿನ ವಿಷಯವಲ್ಲ. ಅದಕ್ಕೆ ಗ್ರಂಥಸೂಚಿಗಳಿವೆ, ಸಂಪುಟಗಳಿವೆ. ಸಾಮಾನ್ಯ ಓದುಗ ತನ್ನಂಥದೇ ಇನ್ನೊಬ್ಬ ಓದುಗನಿಗೆ ಹೇಳಿದ ಮಾತು ಹಿಂದೆ ಎಲ್ಲಿ ಉಳಿಯಿತು, ಅಂತರ್ಜಾಲ ಬಂದ ಮೇಲೆ ಹೇಗೆ ಉಳಿಯುತ್ತಿದೆ ಅಥವಾ ಅಳಿಯುತ್ತಿದೆ, ಅದನ್ನು ಆಕರವೆಂದು ಬಳಸುವ ಸಂಶೋಧಕರೂ ಕಾಪಾಡಬೇಕಾದ ಗ್ರಂಥಾಲಯಗಳೂ ಯಾವುದನ್ನು ಗಮನಿಸಬೇಕು ಎಂಬಷ್ಟನ್ನೇ ಇಲ್ಲಿ ಪರಿಶೀಲಿಸಲಾಗಿದೆ.

ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಸಂಗತಿಯನ್ನು ನಾವು ದಾನದ ಹಾಗೂ ಜಿನಭಕ್ತಿಯ ನಿದರ್ಶನವಾಗಿ ಓದುತ್ತ ಬಂದಿದ್ದೇವೆ. ಅದು ಹಾಗಿದೆಯೂ ಹೌದು. ಆದರೆ ತನಗೆ ಬೇಕೆನಿಸಿದ ಕೃತಿ ಇತರರ ಕೈಯನ್ನೂ ಸೇರಲಿ ಎಂಬ ಒಬ್ಬ ಓದುಗಾರ್ತಿಯ ಇಚ್ಛೆ ಅದರಲ್ಲಿ ಇಲ್ಲವೆ? ಅಭಿಪ್ರಾಯವನ್ನು ಬಾಯಿಮಾತಿನಲ್ಲಿ ಹೇಳದೆ ಓಲೆಗರಿಗಳಲ್ಲಿ ಹೇಳಿದ ಪ್ರಸಂಗವೆಂದು ಇದನ್ನು ನೋಡಬಹುದು. ಅಂಥ ಐಶ್ವರ್ಯವಿಲ್ಲದ ಓದುಗರ ದನಿಯನ್ನು ಹುಡುಕುವುದಾದರೆ ಹಸ್ತಪ್ರತಿಗಳ ಪುಷ್ಪಿಕೆಗಳ ಕಡೆಗೆ ತಿರುಗಬೇಕಾಗುತ್ತದೆ. ಪ್ರತಿಯನ್ನು ಯಾರಿಗಾಗಿ, ಯಾವ ಊರಿನಲ್ಲಿ, ಯಾವ ತಿಥಿಯಂದು ಬರೆದು ಮುಗಿಸಿದೆನೆಂದು ಹೇಳುವ ಲಿಪಿಕಾರ ಅದರ ಜೊತೆಗೆ ತನ್ನ ದಣಿವನ್ನೂ, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂಬ ವಿನಂತಿಯನ್ನೂ, ಪುಸ್ತಕವನ್ನು ನೀರು ಬೆಂಕಿಗಳಿಂದ ಕಾಯಬೇಕೆಂಬ ಕಳಕಳಿಯನ್ನೂ ಮುಂದಿನ ಓದುಗನಿಗೆ ತಿಳಿಸುತ್ತಾನೆ.

ಇನ್ನೂ ಒಂದು ಮಾತು. ಗ್ರಂಥಸಂಪಾದಕ ‘ಪ್ರಕ್ಷೇಪ’ವೆಂದು ಗುರುತಿಸಿ ಅಡಿಟಿಪ್ಪಣಿಗೆ ಇಳಿಸುವ ಪದ್ಯಗಳಲ್ಲಿ ಕೆಲವಾದರೂ, ಕಾವ್ಯವನ್ನು ಪ್ರತಿ ಮಾಡುತ್ತಿದ್ದವನು ಅದನ್ನು ಓದಿದ ಬಗೆಗೆ ಸಾಕ್ಷಿಯಾಗಿವೆ. ಒಂದು ಯುದ್ಧವರ್ಣನೆ ಅವನಿಗೆ ಸಾಲದೆಂದು ತೋರಿತು, ಇನ್ನೆರಡು ಪದ್ಯಗಳನ್ನು ಸೇರಿಸಿದ. ಕವಿಯ ಮೂಲಪಾಠವನ್ನು ಅರಸುವವರಿಗೆ ಅದು ಕಸ. ಓದಿನ ಇತಿಹಾಸವನ್ನು ಅರಸುವವರಿಗೆ ಅದೇ ಪಠ್ಯ. ಎರಡು ಶಾಸ್ತ್ರಗಳ ಅಗತ್ಯಗಳು ಹೀಗೆ ಒಂದೇ ಗರಿಯ ಮೇಲೆ ಪರಸ್ಪರ ವಿರುದ್ಧವಾಗಿ ನಿಲ್ಲುತ್ತವೆ ಎಂಬುದನ್ನು ನಮ್ಮ ಹಸ್ತಪ್ರತಿ ಅಧ್ಯಯನ ಇನ್ನೂ ಸಾಕಷ್ಟು ಗಂಭೀರವಾಗಿ ಪರಿಗಣಿಸಿಲ್ಲವೆಂದು ನನ್ನ ಭಾವನೆ.

ಓದು ಕೇಳುವ ಕ್ರಿಯೆಯೂ ಆಗಿದ್ದ ನಾಡಿನಲ್ಲಿ ಬಹುಪಾಲು ಅಭಿಪ್ರಾಯ ಬರಹಕ್ಕೆ ಬರಲೇ ಇಲ್ಲ. ಗಮಕಿ ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ವಾಚಿಸುವಾಗ, ವ್ಯಾಖ್ಯಾನಕಾರ ಅರ್ಥವನ್ನು ಬಿಡಿಸುವಾಗ, ಎದುರಿಗೆ ಕುಳಿತವರು ಯಾವ ಸಂಧಿಯನ್ನು ಮತ್ತೆ ಓದಿಸಿದರು, ಯಾವ ರಾತ್ರಿ ಎದ್ದು ಹೋದರು ಎಂಬುದು ಆಯಾ ಊರಿನ ನೆನಪಿಗೆ ಬಿಟ್ಟ ವಿಷಯವಾಗಿತ್ತು.

ಮುದ್ರಣ ಈ ಸ್ಥಿತಿಯನ್ನು ಬದಲಿಸಿತು, ಆದರೆ ಒಮ್ಮೆಲೇ ಅಲ್ಲ. ಗಳಗನಾಥರು (1869-1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬುದು ಪ್ರಸಿದ್ಧ ಸಂಗತಿ. ಲೇಖಕನೇ ಮಾರಾಟಗಾರನಾದಾಗ ಓದುಗನ ಮಾತು ನೇರವಾಗಿ ಲೇಖಕನ ಕಿವಿಗೆ ಬೀಳುತ್ತದೆ, ಅಲ್ಲಿಯೇ ಮುಗಿಯುತ್ತದೆ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಿಂತ ಪ್ರಕಾಶನ. ಇಲ್ಲಿ ಓದುಗ ಪುಸ್ತಕವನ್ನು ನೋಡುವುದಕ್ಕೆ ಮೊದಲೇ ಹಣವನ್ನು ಕಟ್ಟುತ್ತಾನೆ, ಬಂದದ್ದನ್ನು ಓದುತ್ತಾನೆ, ಮನಸ್ಸಿಗೆ ಬಂದರೆ ಪಕ್ಕದ ಮನೆಯವರನ್ನೂ ಚಂದಾದಾರರನ್ನಾಗಿ ಮಾಡುತ್ತಾನೆ. ಇಂಥ ಮಾಲೆಗಳ ಚಂದಾದಾರರ ಪಟ್ಟಿಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲೆಲ್ಲ ಅವು ಓದುಗ ಬಳಗದ ನಕ್ಷೆಗಳೇ ಆಗಿವೆ.

ಸ್ವಾತಂತ್ರ್ಯೋತ್ತರ ಕಾಲದಲ್ಲಿ ಪತ್ರಿಕೆಗಳ ಓಲೆಯ ಅಂಕಣಗಳು ಈ ಮಾತಿನ ದೊಡ್ಡ ಆಶ್ರಯಸ್ಥಾನವಾದವು. 1948ರಲ್ಲಿ ಆರಂಭವಾದ ‘ಪ್ರಜಾವಾಣಿ’ಯ ‘ವಾಚಕರ ವಾಣಿ’ಯನ್ನು ಬಲ್ಲ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ವಾರಪತ್ರಿಕೆಗಳಲ್ಲಿ ಧಾರಾವಾಹಿ ಕಾದಂಬರಿಗಳು ಬರತೊಡಗಿದ ಮೇಲಂತೂ ಕತೆ ಇನ್ನೂ ನಡೆಯುತ್ತಿರುವಾಗಲೇ ನಾಯಕಿಯ ಪರವಾಗಿ ಒಬ್ಬರು, ವಿರುದ್ಧವಾಗಿ ಇನ್ನೊಬ್ಬರು ಬರೆಯುವುದು ಸಾಮಾನ್ಯವಾಯಿತು. ಆದರೆ ಓಲೆಯನ್ನು ಆರಿಸುವವನು ಸಂಪಾದಕ, ಕತ್ತರಿಸುವವನೂ ಅವನೇ. ಅಚ್ಚಾಗದ ಓಲೆಗಳು ರದ್ದಿಗೆ ಹೋದವು. ಆದ್ದರಿಂದ ಅಚ್ಚಾದ ಓಲೆಗಳಿಂದ ‘ಆ ಕಾಲದ ಓದುಗರ ಅಭಿಪ್ರಾಯ’ವನ್ನು ನಿರ್ಣಯಿಸಲು ಹೊರಡುವವರು ತಾವು ನೋಡುತ್ತಿರುವುದು ಒಂದು ಆಯ್ಕೆಯನ್ನು ಎಂಬುದನ್ನು ಮರೆಯಬಾರದು.

ಓಲೆ ಬರೆಯದ ಓದುಗರೂ ಇದ್ದರು, ಅವರೇ ಹೆಚ್ಚು. ತ್ರಿವೇಣಿ (1928-1963), ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಮೊದಲಾದ ಲೇಖಕಿಯರ ಕಾದಂಬರಿಗಳು ಹೆಚ್ಚಾಗಿ ಓದುಗಿಯರನ್ನು ತಲಪಿದ್ದು ದಿನಕ್ಕಿಷ್ಟು ಎಂದು ಬಾಡಿಗೆ ಪಡೆಯುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಮೂಲಕ. ಮನೆಯಿಂದ ಹೊರಗೆ ಹೋಗಲು ಅಷ್ಟಾಗಿ ಅವಕಾಶವಿಲ್ಲದ ಹೆಂಗಸರಿಗೆ ಪುಸ್ತಕವನ್ನು ತಂದುಕೊಡುತ್ತಿದ್ದವರು ಮಕ್ಕಳು ಅಥವಾ ಗಂಡಂದಿರು. ಸುಮಾರು ಮೂವತ್ತು ವರ್ಷಗಳ ಹಿಂದೆ ಮಲೆನಾಡಿನ ಒಂದು ಪಟ್ಟಣದಲ್ಲಿ ಇಂಥ ಅಂಗಡಿಯೊಂದು ಮುಚ್ಚುವಾಗ ಅಲ್ಲಿಂದ ಕೆಲವು ಹಳೆಯ ಕಾದಂಬರಿಗಳನ್ನು ನಾನು ಕೊಂಡು ತಂದೆ. ಅವುಗಳಲ್ಲೊಂದರ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಮೂರು ಬೇರೆ ಬೇರೆ ಕೈಬರಹಗಳಿವೆ. ಮೊದಲನೆಯವರು ಕಾದಂಬರಿಯ ಮುಕ್ತಾಯ ಅನ್ಯಾಯವೆಂದು ಬರೆದಿದ್ದಾರೆ. ಅದರ ಕೆಳಗೆ ಇನ್ನೊಬ್ಬರು, ಮನೆಗಳಲ್ಲಿ ನಡೆಯುವುದೇ ಹೀಗೆಂದು ಉತ್ತರಿಸಿದ್ದಾರೆ. ಮೂರನೆಯವರು ಇಬ್ಬರಿಗೂ ಸೇರಿಸಿ, ಲೇಖಕಿಯ ಇನ್ನೊಂದು ಕಾದಂಬರಿಯ ಹೆಸರನ್ನು ಕೊಟ್ಟು ಅದನ್ನು ಓದಿ ನೋಡಿರೆಂದು ಸಲಹೆ ಮಾಡಿದ್ದಾರೆ. ಈ ಮೂವರು ಒಬ್ಬರನ್ನೊಬ್ಬರು ಎಂದೂ ನೋಡಿರಲಾರರು. ಅಂಗಡಿಯವನ ದೃಷ್ಟಿಯಲ್ಲಿ ಅವರು ಪುಸ್ತಕವನ್ನು ಹಾಳುಮಾಡಿದವರು. ಕನ್ನಡ ಕಾದಂಬರಿಯ ಓದನ್ನು ಕುರಿತು ನಾನು ಕಂಡ ದಾಖಲೆಗಳಲ್ಲಿ ಇದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ.

ಸಾರ್ವಜನಿಕ ಗ್ರಂಥಾಲಯಗಳು ಇಂಥ ಗುರುತುಗಳನ್ನು ನಿಷೇಧಿಸಿದವು. ಅದು ಅವುಗಳ ಧರ್ಮ. ಆದರೆ ಪುಸ್ತಕವನ್ನು ಎರವಲು ಕೊಡುವ ಪದ್ಧತಿಯೂ ಓದುಗನ ಜಾಡನ್ನು ಉಳಿಸುವ ಅಥವಾ ಅಳಿಸುವ ಕೆಲಸವನ್ನು ಮಾಡಿತು ಎಂಬುದು ಕುತೂಹಲಕರ. ನೂವಾರ್ಕ್ ಪದ್ಧತಿಯಲ್ಲಿ ಪುಸ್ತಕಕ್ಕೆ ಸೇರಿದ ಕಾರ್ಡಿನ ಮೇಲೆಯೇ ಎರವಲು ಪಡೆದವರ ಸಂಖ್ಯೆಯನ್ನೂ ದಿನಾಂಕವನ್ನೂ ಬರೆಯುತ್ತಾರೆ. ಒಂದು ಪುಸ್ತಕ ಹತ್ತು ವರ್ಷಗಳಲ್ಲಿ ಯಾರ ಯಾರ ಕೈಗೆ ಹೋಯಿತೆಂಬುದು ಆ ಕಾರ್ಡಿನಲ್ಲಿ ಉಳಿಯುತ್ತದೆ. ಭಾರತದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ಬ್ರೌನ್ ಪದ್ಧತಿ ಹಾಗಲ್ಲ. ಪುಸ್ತಕದ ಕಾರ್ಡನ್ನು ತೆಗೆದು ಓದುಗನ ಟಿಕೆಟ್ಟಿನ ಜೇಬಿನೊಳಗೆ ಸೇರಿಸಿ ದಿನಾಂಕದ ಕ್ರಮದಲ್ಲಿ ಇಡುತ್ತಾರೆ. ಪುಸ್ತಕ ಮರಳಿತೆಂದರೆ ಟಿಕೆಟ್ಟು ಓದುಗನಿಗೆ, ಕಾರ್ಡು ಪುಸ್ತಕಕ್ಕೆ. ನಡುವಿನ ಸಂಬಂಧಕ್ಕೆ ಪುರಾವೆಯೇ ಇಲ್ಲ. ಉಳಿಯುವುದು ದಿನಾಂಕದ ಚೀಟಿಯ ಮೇಲಿನ ಮುದ್ರೆಗಳು ಮಾತ್ರ. ಎಷ್ಟು ಸಲ ಓದಲು ಹೋಯಿತೆಂದು ಅದು ಹೇಳುತ್ತದೆ, ಯಾರು ಒಯ್ದರೆಂದು ಹೇಳುವುದಿಲ್ಲ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂದು 1931ರ ತಮ್ಮ ಪಂಚಸೂತ್ರಗಳಲ್ಲಿ ವಿಧಿಸಿದ ಎಸ್.ಆರ್. ರಂಗನಾಥನ್ ಅವರು ಬೆಂಗಳೂರಿನಲ್ಲಿಯೇ ತಮ್ಮ ಕೊನೆಯ ವರ್ಷಗಳನ್ನು ಕಳೆದರು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಹಿಂದೆಯೂ ಅವರು ಹುಟ್ಟಿಸಿದ ಚಳವಳಿಯ ಪ್ರೇರಣೆಯಿದೆ. ಆ ಸೂತ್ರ ಕಾರ್ಯರೂಪಕ್ಕೆ ಬಂದ ಬಗೆಯನ್ನು ಓದುಗನ ಕಡೆಯಿಂದ ಪರಿಶೀಲಿಸಲು ಮಾತ್ರ ನಮ್ಮ ಬಳಿ ದಾಖಲೆ ಕಡಮೆ.

ಈ ಹಿನ್ನೆಲೆಯಲ್ಲಿ ಅಂತರ್ಜಾಲದ ಆಗಮನವನ್ನು ನೋಡಬೇಕು. 2005ರಲ್ಲಿ ಆರಂಭವಾದ ಲೈಬ್ರರಿಥಿಂಗ್ ವ್ಯಕ್ತಿಯೊಬ್ಬ ತನ್ನ ಮನೆಯ ಪುಸ್ತಕಗಳಿಗೆ ಸೂಚಿಯನ್ನು ಮಾಡಿಕೊಳ್ಳುವ ಏರ್ಪಾಡು. ತನ್ನ ಸಂಗ್ರಹಕ್ಕೆ ಹತ್ತಿರವಾದ ಸಂಗ್ರಹ ಇನ್ನು ಯಾರಲ್ಲಿದೆ ಎಂಬುದನ್ನೂ ಅದು ತೋರಿಸುತ್ತದೆ. ಸ್ವಯಂಸೇವಕರು ಥಾಮಸ್ ಜೆಫರ್ಸನ್ನನಂಥ ಗತಿಸಿದ ಓದುಗರ ಗ್ರಂಥಭಂಡಾರಗಳನ್ನೂ ಅಲ್ಲಿ ದಾಖಲಿಸಿದ್ದಾರೆ. ನಮ್ಮ ಸಂಸ್ಥೆಗಳಿಗೆ ದಾನವಾಗಿ ಬಂದಿರುವ ಕನ್ನಡ ಲೇಖಕರ ಖಾಸಗಿ ಸಂಗ್ರಹಗಳಿಗೂ ಇಂಥದೊಂದು ಕೆಲಸ ನಡೆಯಬಹುದಾಗಿತ್ತು ಎಂದು ಪ್ರಾಸಂಗಿಕವಾಗಿ ಹೇಳಬಯಸುತ್ತೇನೆ. 2007ರಲ್ಲಿ ತೆರೆದುಕೊಂಡ, 2013ರಲ್ಲಿ ಅಮೆಜಾನ್ ಕೊಂಡ ಗುಡ್‌ರೀಡ್ಸ್ ಇದಕ್ಕಿಂತ ಜನಪ್ರಿಯವಾಯಿತು. ಓದಿದ್ದು, ಓದುತ್ತಿರುವುದು, ಓದಬೇಕಾದದ್ದು ಎಂಬ ಮೂರು ಕಪಾಟುಗಳು. ಒಂದರಿಂದ ಐದರವರೆಗೆ ನಕ್ಷತ್ರಗಳು. ಇಷ್ಟವಿದ್ದರೆ ನಾಲ್ಕು ಮಾತು. ಅದರ ರಚನೆ ಇಷ್ಟು ಸರಳ.

ಸರಳವೆಂದು ತೋರುವ ಈ ನಕ್ಷತ್ರಗಳ ವಿಚಾರದಲ್ಲಿ ಸಂಶೋಧಕರು ಎಚ್ಚರವಾಗಿರಬೇಕು. ಆ ತಾಣವೇ ಕೊಟ್ಟಿರುವ ಅರ್ಥವನ್ನು ನೋಡಿದರೆ ಒಂದು ನಕ್ಷತ್ರವೆಂದರೆ ಹಿಡಿಸಲಿಲ್ಲ, ಎರಡೆಂದರೆ ಪರವಾಗಿಲ್ಲ, ಮೂರೆಂದರೆ ಹಿಡಿಸಿತು. ಅಂದರೆ ಇದು ಕೃತಿಯ ಮೌಲ್ಯದ ಅಳತೆಯಲ್ಲ, ಓದಿದವನ ಪ್ರೀತಿಯ ಅಳತೆ. ಪರೀಕ್ಷೆಯ ಅಂಕಗಳಿಗೆ ಒಗ್ಗಿಹೋದ ನಾವು ಐದರಲ್ಲಿ ಮೂರನ್ನು ಕಂಡೊಡನೆ ಸಾಧಾರಣ ದರ್ಜೆಯೆಂದು ತಿಳಿಯುತ್ತೇವೆ. ನಕ್ಷತ್ರವನ್ನು ಕೊಡುವವರಲ್ಲಿಯೂ ಎಷ್ಟೋ ಮಂದಿ ಹಾಗೆಯೇ ತಿಳಿದು ಕೊಡುತ್ತಾರೆ. ಎರಡು ಅರ್ಥಗಳು ಒಂದೇ ಸರಾಸರಿಯಲ್ಲಿ ಬೆರೆತುಹೋಗುತ್ತವೆ. ಪುಸ್ತಕವನ್ನು ಓದದವರೂ ನಕ್ಷತ್ರ ಹಾಕಬಲ್ಲರು. 2023ರ ಜೂನಿನಲ್ಲಿ ಅಮೆರಿಕದ ಲೇಖಕಿ ಎಲಿಜಬೆತ್ ಗಿಲ್ಬರ್ಟ್ ಅವರ ಇನ್ನೂ ಪ್ರಕಟವಾಗದಿದ್ದ, ರಷ್ಯಾದಲ್ಲಿ ನಡೆಯುವ ಕಾದಂಬರಿಯೊಂದಕ್ಕೆ ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ ನೂರಾರು ಮಂದಿ ಒಂದೊಂದೇ ನಕ್ಷತ್ರವನ್ನು ಕೊಟ್ಟರು. ಲೇಖಕಿ ಪ್ರಕಟಣೆಯನ್ನೇ ಮುಂದೂಡಿದರು. ಇದು ಪ್ರತಿಭಟನೆಯ ದಾಖಲೆಯಾಗಿ ಮಹತ್ತ್ವದ್ದು. ಓದಿನ ದಾಖಲೆಯಾಗಿ ಅಲ್ಲ.

ಕನ್ನಡ ಕೃತಿಗಳ ಮಟ್ಟಿಗೆ ಇನ್ನೊಂದು ತೊಡಕಿದೆ. ಗುಡ್‌ರೀಡ್ಸ್ ಒಂದು ಕೃತಿಯ ಎಲ್ಲ ಮುದ್ರಣಗಳನ್ನೂ ಅನುವಾದಗಳನ್ನೂ ಒಂದೇ ಕೃತಿಯೆಂದು ಕೂಡಿಸಿ ಲೆಕ್ಕ ಹಾಕುತ್ತದೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಕನ್ನಡದಲ್ಲಿ ಓದಿದವರ ಅಭಿಪ್ರಾಯವೂ ಎ.ಕೆ. ರಾಮಾನುಜನ್ ಅವರ ಅನುವಾದವನ್ನು ಅಮೆರಿಕದ ಪಠ್ಯಕ್ರಮಕ್ಕಾಗಿ ಓದಿದ ವಿದ್ಯಾರ್ಥಿಯ ಅಭಿಪ್ರಾಯವೂ ಒಂದೇ ಸರಾಸರಿಯಲ್ಲಿ ಸೇರುತ್ತವೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದದ ಮೂಲಕ ಜಗತ್ತನ್ನು ಸುತ್ತಿದ ಮೇಲೆ ಅದರ ಬಗೆಗಿನ ಅಭಿಪ್ರಾಯಗಳಲ್ಲಿ ಬಹುಪಾಲು ಇಂಗ್ಲಿಷ್ ಓದುಗರವು. ಇದಕ್ಕೆ ತಿರುಗುಮುರುಗಾದ ಸಮಸ್ಯೆ ‘ಹಾರ್ಟ್ ಲ್ಯಾಂಪ್’ನದು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದ ಆ ಪುಸ್ತಕ ಬಾನು ಮುಷ್ತಾಕ್ ಅವರು ಸುಮಾರು ಮೂರು ದಶಕಗಳಲ್ಲಿ ಬರೆದ ಕಥೆಗಳಿಂದ ದೀಪಾ ಭಾಸ್ತಿಯವರು ಆಯ್ದು ಅನುವಾದಿಸಿದ 12 ಕಥೆಗಳ ಸಂಕಲನ. ಅದೇ ರೂಪದ ಕನ್ನಡ ಮೂಲ ಮೊದಲಿರಲಿಲ್ಲವಾದ್ದರಿಂದ, ಆ ಕಥೆಗಳನ್ನು ಮೂವತ್ತು ವರ್ಷಗಳಿಂದ ಕನ್ನಡದಲ್ಲಿ ಓದುತ್ತಿದ್ದವರ ಮಾತಿಗೂ ಹೊಸ ಪುಸ್ತಕದ ಕೆಳಗೆ ಸಾವಿರಾರು ಸಂಖ್ಯೆಯಲ್ಲಿ ಕಾಣುವ ಮಾತಿಗೂ ಯಾವ ಕೊಂಡಿಯೂ ಇಲ್ಲ. ಕನ್ನಡ ಓದುಗ ಏನೆಂದ ಎಂಬುದನ್ನು ತಿಳಿಯಬೇಕಾದರೆ ಸರಾಸರಿಯನ್ನು ಬದಿಗಿಟ್ಟು ಕನ್ನಡದಲ್ಲಿ ಬರೆದ ಮಾತುಗಳನ್ನು ಒಂದೊಂದಾಗಿ ಓದುವುದೊಂದೇ ದಾರಿ.

ಹಾಗೆ ಓದಹೊರಟವರಿಗೆ ಲಿಪಿಯ ಸಮಸ್ಯೆ ಎದುರಾಗುತ್ತದೆ. 1998ರಲ್ಲಿ ‘ಬರಹ’, ಅನಂತರ ‘ನುಡಿ’ ತಂತ್ರಾಂಶಗಳು ಗಣಕದಲ್ಲಿ ಕನ್ನಡವನ್ನು ಸುಲಭಗೊಳಿಸಿದವು. ಆದರೆ ಮೊದಮೊದಲು ಅಕ್ಷರಗಳು ರೋಮನ್ ಸಂಕೇತಗಳ ಜಾಗದಲ್ಲಿ ಕುಳಿತಿರುತ್ತಿದ್ದವು. ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸುತ್ತಿದ್ದವು, ಹುಡುಕಿದರೆ ಸಿಗುತ್ತಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಯೂನಿಕೋಡ್ ಕನ್ನಡವನ್ನು ತಂದ ಮೇಲೂ ಬಳಕೆ ನಿಧಾನವಾಗಿಯೇ ಬೆಳೆಯಿತು. ಹೀಗಾಗಿ ಈ ಶತಮಾನದ ಮೊದಲ ದಶಕದ ಓದುಗರು ಕನ್ನಡ ಪುಸ್ತಕಗಳ ವಿಚಾರವನ್ನು ಬಹಳ ಮಟ್ಟಿಗೆ ರೋಮನ್ ಲಿಪಿಯ ಕನ್ನಡದಲ್ಲಿಯೇ ಬರೆದರು. ‘ಚೆನ್ನಾಗಿದೆ’ ಎಂಬ ಒಂದು ಮಾತಿಗೆ ರೋಮನ್ ಲಿಪಿಯಲ್ಲಿ ಐದಾರು ಕಾಗುಣಿತಗಳು ಸಾಧ್ಯ. ಇದನ್ನು ಅರಿಯದೆ ಕನ್ನಡ ಲಿಪಿಯಲ್ಲಿ ಮಾತ್ರ ಹುಡುಕಿ, ಆ ವರ್ಷಗಳಲ್ಲಿ ಕನ್ನಡ ಓದುಗರು ಮೌನವಾಗಿದ್ದರೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ.

ಇಷ್ಟೆಲ್ಲ ತೊಡಕುಗಳಿದ್ದೂ ಈ ಬರಹಗಳಲ್ಲಿ ಬೇರೆಲ್ಲಿಯೂ ಸಿಗದ ಒಂದು ಗುಣವಿದೆ. ವಿಮರ್ಶಕ ಕೃತಿಯ ವಿಚಾರವಾಗಿ ಬರೆಯುತ್ತಾನೆ. ಈ ಓದುಗ ತಾನು ಅದನ್ನು ಓದಿದ ಸಂದರ್ಭವನ್ನು ಬರೆಯುತ್ತಾನೆ. ತೇಜಸ್ವಿಯವರ ‘ಕರ್ವಾಲೊ’ವನ್ನು ಬಸ್ಸಿನಲ್ಲಿ ಓದಿ ಇಳಿಯುವ ನಿಲ್ದಾಣವನ್ನು ದಾಟಿಹೋದದ್ದು, ತೀರಿಕೊಂಡ ತಂದೆಯ ಪೆಟ್ಟಿಗೆಯಲ್ಲಿ ಪುಸ್ತಕ ಸಿಕ್ಕಿದ್ದು, ಐವತ್ತನೆಯ ಪುಟದಲ್ಲಿ ಬಿಟ್ಟು ಎರಡು ವರ್ಷಗಳ ಮೇಲೆ ಮತ್ತೆ ಹಿಡಿದದ್ದು: ಇಂಥ ಸಂಗತಿಗಳು ಪತ್ರಿಕೆಯ ಸಂಪಾದಕನ ಕತ್ತರಿಗೆ ಮೊದಲು ಸಿಗುವಂಥವು. ಅರ್ಧಕ್ಕೆ ಬಿಟ್ಟ ಪುಸ್ತಕವಂತೂ ಸಾಹಿತ್ಯ ಚರಿತ್ರೆಯಲ್ಲಿ ಜಾಗವನ್ನೇ ಪಡೆಯದ ವಿಷಯ. ವರ್ಷಕ್ಕೆ ಇಷ್ಟು ಪುಸ್ತಕಗಳೆಂದು ಗುರಿಯಿಟ್ಟುಕೊಂಡು ಲೆಕ್ಕ ಒಪ್ಪಿಸುವ ರೂಢಿಯಿಂದ ತೆಳು ಪುಸ್ತಕಗಳ ಕಡೆಗೆ ಒಲವು ಬೆಳೆದಿದೆಯೆಂದು ಓದುಗರೇ ತಮ್ಮನ್ನು ತಾವು ಹಾಸ್ಯ ಮಾಡಿಕೊಳ್ಳುವುದುಂಟು. ಓದುವುದಕ್ಕಾಗಿ ಓದುವುದು, ತೋರಿಸುವುದಕ್ಕಾಗಿ ಓದುವುದು ಇವೆರಡರ ನಡುವಿನ ಗೆರೆ ಇಲ್ಲಿ ಮಸುಕಾಗಿದೆ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ದಿವಾನಖಾನೆಯ ಗಾಜಿನ ಕಪಾಟನ್ನು ಕಂಡವರು ಇದನ್ನು ಅಂತರ್ಜಾಲ ಹುಟ್ಟಿಸಿದ ದೋಷವೆನ್ನಲಾರರು.

ಈಗ ಉಳಿವಿನ ಪ್ರಶ್ನೆ. ಜಾಲದಲ್ಲಿ ಬರೆದದ್ದು ಶಾಶ್ವತವೆಂಬ ಭ್ರಮೆ ವ್ಯಾಪಕವಾಗಿದೆ. 2004ರಲ್ಲಿ ಆರಂಭವಾಗಿ ಭಾರತದಲ್ಲಿ ಬಹು ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಯಾಹೂ ಗುಂಪುಗಳು 2020ರ ಡಿಸೆಂಬರಿನಲ್ಲಿ ಕೊನೆಗೊಂಡವು. 2006ರಲ್ಲಿ ಹುಟ್ಟಿದ ಶೆಲ್ಫಾರಿ ಎಂಬ ಪುಸ್ತಕಪ್ರಿಯರ ತಾಣ 2016ರಲ್ಲಿ ಗುಡ್‌ರೀಡ್ಸ್‌ನಲ್ಲಿ ಲೀನವಾಯಿತು. ಒಡೆತನ ಬದಲಾದಾಗ ಓದುಗನನ್ನು ಕೇಳುವವರಿಲ್ಲ. ಮಲೆನಾಡಿನ ಆ ಅಂಗಡಿ ಮುಚ್ಚಿದಾಗ ಪುಸ್ತಕಗಳನ್ನಾದರೂ ಕೊಳ್ಳಬಹುದಾಗಿತ್ತು. ಇಲ್ಲಿ ಕೊಳ್ಳಲು ಏನೂ ಉಳಿಯುವುದಿಲ್ಲ. ಮುದ್ರಿತ ಪುಸ್ತಕಗಳಿಗೆ 1954ರ ಕಾಯಿದೆಯಿದೆ. 1956ರ ತಿದ್ದುಪಡಿಯಿಂದ ಪತ್ರಿಕೆಗಳೂ ಅದರ ವ್ಯಾಪ್ತಿಗೆ ಬಂದವು. ಆದ್ದರಿಂದ ‘ವಾಚಕರ ವಾಣಿ’ಯ ಓಲೆಯೊಂದು ಕೋಲ್ಕತದ ರಾಷ್ಟ್ರೀಯ ಗ್ರಂಥಾಲಯದಲ್ಲಾದರೂ ಸಿಗಬೇಕೆಂದು ನಿರೀಕ್ಷಿಸಬಹುದು. ಜಾಲದಲ್ಲಿನ ಓದುಗನ ಮಾತಿಗೆ ಆ ಕಾಯಿದೆಯಲ್ಲಿ ಆಸರೆಯಿಲ್ಲ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಓದಿನ ಅನುಭವಗಳ ದತ್ತಸಂಗ್ರಹವೊಂದನ್ನು ಕೈಗೊಂಡು, 1450ರಿಂದ 1945ರವರೆಗಿನ ದಿನಚರಿ, ಪತ್ರ, ಆತ್ಮಕಥೆ, ಅಂಚಿನ ಟಿಪ್ಪಣಿಗಳಿಂದ 30,000ಕ್ಕೂ ಹೆಚ್ಚು ನಮೂದುಗಳನ್ನು ಕಲೆಹಾಕಿತು. ಅದರಲ್ಲಿ ಬಹಳಷ್ಟು ಸ್ವಯಂಸೇವಕರ ಕೊಡುಗೆ. ಕನ್ನಡದ ಆತ್ಮಕಥೆಗಳನ್ನಷ್ಟೇ ಹಿಡಿದು ಇಂಥ ಕೆಲಸವನ್ನು ಆರಂಭಿಸಿದರೂ ಒಂದು ವಿಶ್ವವಿದ್ಯಾಲಯದ ವಿಭಾಗಕ್ಕೆ ಹಲವು ವರ್ಷಗಳ ಉದ್ಯೋಗವಾಗುತ್ತದೆ.

ಆದರೆ ಕೂಡಿಡುವ ಉತ್ಸಾಹಕ್ಕೆ ಒಂದು ಮಿತಿ ಇರಬೇಕು. ಯಾರು ಯಾವ ಪುಸ್ತಕವನ್ನು ಓದಿದರೆಂಬುದು ಅವರ ಖಾಸಗಿ ವಿಚಾರ. ಬ್ರೌನ್ ಪದ್ಧತಿ ಅರಿತೋ ಅರಿಯದೆಯೋ ಕಾಪಾಡುತ್ತಿದ್ದ ಈ ಖಾಸಗಿತನ ಗಣಕೀಕೃತ ಗ್ರಂಥಾಲಯದಲ್ಲಿ ತಾನಾಗಿ ಉಳಿಯುವುದಿಲ್ಲ. ಎರವಲಿನ ಚರಿತ್ರೆ ಸುಲಭವಾಗಿ ಶೇಖರವಾಗುತ್ತ ಹೋಗುತ್ತದೆ. ಕೋಹಾ ತಂತ್ರಾಂಶದಲ್ಲಿ ತನ್ನ ಚರಿತ್ರೆಯನ್ನು ಉಳಿಸಬೇಕೆ, ಅಳಿಸಬೇಕೆ ಎಂಬುದನ್ನು ಓದುಗನೇ ಆರಿಸಿಕೊಳ್ಳುವಂತೆ ಮಾಡಲು ಅವಕಾಶವಿದೆ. ಆ ಆಯ್ಕೆಯನ್ನು ಓದುಗನ ಮುಂದಿಡುವ ಹೊಣೆ ಗ್ರಂಥಪಾಲಕರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಅನಂತರ ಈ ಹೊಣೆಯನ್ನು ಸೌಜನ್ಯವೆಂದಷ್ಟೇ ತಿಳಿಯಲಾಗದು. ಜಾಲದಲ್ಲಿ ಓದುಗ ತನ್ನ ಹೆಸರನ್ನು ಹಾಕಿಯೇ ಬರೆದಿರಬಹುದು. ಆದರೆ ಗೆಳೆಯರಿಗೆಂದು ಬರೆದದ್ದನ್ನು ಪ್ರೌಢಪ್ರಬಂಧದ ಅನುಬಂಧದಲ್ಲಿ ಹೆಸರು ಸಹಿತ ಅಚ್ಚು ಮಾಡುವ ಮುನ್ನ ಅವನ ಒಪ್ಪಿಗೆಯನ್ನು ಕೇಳುವುದು ಉಚಿತ. ಮೇಲೆ ಹೇಳಿದ ಪೆನ್ಸಿಲ್ ಬರಹಗಳನ್ನು ನಾನು ಇಲ್ಲಿ ಅಕ್ಷರಶಃ ಉದ್ಧರಿಸದೆ, ಪುಸ್ತಕದ ಹೆಸರನ್ನೂ ಕೊಡದೆ ಬಿಟ್ಟದ್ದಕ್ಕೆ ಕಾರಣ ಅದೇ; ಆ ಕೈಬರಹಗಳಲ್ಲೊಂದರ ಕೆಳಗೆ ಸಹಿಯಿದೆ.

ಕಾಯಿದೆ, ಅನುದಾನಗಳಿಗೆ ಕಾಯದೆ ಮಾಡಬಹುದಾದ ಒಂದು ಕೆಲಸವನ್ನು ಗ್ರಂಥಪಾಲಕರ ಗಮನಕ್ಕೆ ತರಬೇಕು. ಜೀರ್ಣವಾದ ಪ್ರತಿಗಳನ್ನು ವಜಾ ಮಾಡುವಾಗ ಸ್ಥಿತಿ, ಬೇಡಿಕೆ, ಹೆಚ್ಚುವರಿ ಪ್ರತಿ ಇವನ್ನಷ್ಟೇ ನೋಡುವುದು ರೂಢಿ. ಕಾಲೇಜೊಂದರ ಗ್ರಂಥಾಲಯದಲ್ಲಿ ನಾನು ವಿದ್ಯಾರ್ಥಿಯಾಗಿದ್ದಾಗ ಕಂಡಿದ್ದ, ಅಂಚಿನ ತುಂಬ ಟಿಪ್ಪಣಿಗಳಿದ್ದ ಪ್ರತಿಯೊಂದನ್ನು ಕೆಲವು ವರ್ಷಗಳ ಹಿಂದೆ ಕೇಳಿದಾಗ, ಅದು ರದ್ದಿಗೆ ಹೋಗಿ ಅದರ ಜಾಗದಲ್ಲಿ ಸ್ವಚ್ಛವಾದ ಹೊಸ ಮುದ್ರಣ ಬಂದಿತ್ತು. ನಿಯಮದ ಪ್ರಕಾರ ಯಾರ ತಪ್ಪೂ ಇರಲಿಲ್ಲ. ವಜಾ ಪಟ್ಟಿಗೆ ಸೇರಿಸುವ ಮುನ್ನ ಪ್ರತಿ ಪುಸ್ತಕದ ಒಳರಕ್ಷಾಪುಟವನ್ನೂ ಕೊನೆಯ ಖಾಲಿ ಹಾಳೆಯನ್ನೂ ತೆರೆದು ನೋಡಲು ಅರ್ಧ ನಿಮಿಷ ಸಾಕು. ಬರಹವಿದ್ದರೆ ಮೊಬೈಲಿನಲ್ಲಿ ಅದರ ಚಿತ್ರವನ್ನು ತೆಗೆದು, ಪರಿಗ್ರಹಣ ಸಂಖ್ಯೆ, ಮುದ್ರಣದ ವರ್ಷ ಮತ್ತು ದಿನಾಂಕದ ಚೀಟಿಯ ಚಿತ್ರದೊಡನೆ ಒಂದೆಡೆ ಇಡಬೇಕು. ಹೆಸರು, ವಿಳಾಸಗಳಿದ್ದರೆ ಹೊರಗಿನವರಿಗೆ ಕೊಡುವ ಪ್ರತಿಯಲ್ಲಿ ಅವನ್ನು ಮರೆಮಾಡಬೇಕು.